ಬೇಲಿ ಹೊಲ ಮೇಯುವುದೇಕೆ?

ಕ್ಯಾನ್ಸರ್ ಗಡ್ಡೆಯೆಂದರೆ ಬರೀ ಕ್ಯಾನ್ಸರ್ ಕೋಶಗಳ ಮುದ್ದೆಯಲ್ಲ. ಅದರೊಳಗೆ ದೇಹದ ಕಾವಲು ಕಾಯುವ ಬಿಳಿ ರಕ್ತಕಣಗಳೂ ಇರುವುದನ್ನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ 1863ರಷ್ಟು ಹಿಂದೆಯೇ ಗಮನಿಸಿದ್ದರು. ಕಾವಲುಗಾರರು ಒಳಗೇ ಇದ್ದಾರೆ, ಗಡ್ಡೆಯೂ ಬೆಳೆಯುತ್ತಿದೆ. ಹಾಗಾದರೆ ಅವರು ಮಾಡುತ್ತಿರುವುದೇನು?

ಈ ಗುಂಪಿನಲ್ಲಿ ನನಗೆ ಅತಿ ಕುತೂಹಲ ಹುಟ್ಟಿಸುವುದು ಮ್ಯಾಕ್ರೋಫೇಜ್. ರೋಗಾಣುಗಳನ್ನು ನುಂಗಿ ಅರಗಿಸಿಕೊಳ್ಳುವ ಕೋಶವಿದು. ಆದರೆ ಇದಕ್ಕೆ ಇನ್ನೊಂದು ಕಸುಬೂ ಗೊತ್ತು: ಗಾಯ ಮಾಯಿಸುವುದು. ಗಾಯವಾದಲ್ಲಿ ಸತ್ತ ಕೋಶಗಳನ್ನು ಗುಡಿಸುತ್ತದೆ, ಹೊಸ ರಕ್ತನಾಳ ಚಿಗುರುವಂತೆ ರಾಸಾಯನಿಕ ಸಂದೇಶ ಕಳುಹಿಸುತ್ತದೆ, ಸುತ್ತಲ ಕೋಶಗಳಿಗೆ ಬೆಳೆಯಲು ಹೇಳುತ್ತದೆ, ಉರಿಯೂತವನ್ನು ತಣಿಸುತ್ತದೆ. ಗಡ್ಡೆಗೆ ಬೇಕಾದದ್ದೂ ಇವೇ! 1986ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೊರಾಕ್ ಗಡ್ಡೆಯನ್ನು ಎಂದೂ ಮಾಯದ ಗಾಯಕ್ಕೆ ಹೋಲಿಸಿದರು. ಆಮ್ಲಜನಕ ಸಾಲದ ಗಡ್ಡೆಯ ಒಡಲಿಗೆ ಬಂದ ಮ್ಯಾಕ್ರೋಫೇಜ್ ಅದನ್ನು ಗಾಯವೆಂದೇ ಭಾವಿಸಿ ಶುಶ್ರೂಷೆಗೆ ಇಳಿಯುತ್ತದೆ. ಕ್ಯಾನ್ಸರ್ ಕೋಶಗಳು ರಕ್ತನಾಳಕ್ಕೆ ನುಸುಳಿ ಬೇರೆ ಅಂಗಗಳಿಗೆ ಹರಡಲೂ ಇದರ ನೆರವು ಸಿಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಬೈಯಬಹುದು. ಆದರೆ ಇದು ದ್ರೋಹವಲ್ಲ, ತಪ್ಪು ಜಾಗದಲ್ಲಿ ನಿಷ್ಠೆಯಿಂದ ಮಾಡಿದ ಕೆಲಸ.

ಕೊಲ್ಲುವ ಕೆಲಸಕ್ಕೆ ಟಿ-ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಿವೆ. ಅವು ಮೈಮೇಲೆ ಬಿದ್ದು ನಮ್ಮದೇ ಅಂಗಾಂಶವನ್ನು ಹಾಳುಗೆಡವದಂತೆ ದೇಹ ಅವುಗಳಿಗೆ ಬ್ರೇಕ್ ಅಳವಡಿಸಿದೆ. ಪಿಡಿ-1 ಅಂಥದೊಂದು ಬ್ರೇಕ್. ಅನೇಕ ಕ್ಯಾನ್ಸರ್ ಕೋಶಗಳು ಅದನ್ನೇ ಒತ್ತಿಹಿಡಿದು ಬದುಕಿಕೊಳ್ಳುತ್ತವೆ. ಸಿಟಿಎಲ್‌ಎ-4 ಎಂಬ ಇನ್ನೊಂದು ಬ್ರೇಕನ್ನು ಸಡಿಲಿಸಿದರೆ ಇಲಿಗಳ ಗಡ್ಡೆ ಕರಗುತ್ತದೆಂದು ತೋರಿಸಿದವರು ಅಮೆರಿಕದ ಜೇಮ್ಸ್ ಆಲಿಸನ್. ಪಿಡಿ-1 ಅನ್ನು ಪತ್ತೆಹಚ್ಚಿದ್ದು ಜಪಾನಿನ ತಸುಕು ಹೊಂಜೊ ಅವರ ಪ್ರಯೋಗಾಲಯ. 2018ರ ನೊಬೆಲ್ ಇಬ್ಬರಿಗೂ ಸಂದಿತು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಎಲ್ಲೆಡೆ ಹರಡಿದ್ದವರಲ್ಲಿ ಕೆಲವರು ಹೀಗೆ ಬ್ರೇಕ್ ಸಡಿಲಿಸುವ ಔಷಧಗಳಿಂದ ವರ್ಷಗಟ್ಟಲೆ ಬದುಕಿದ್ದಾರೆ. ‘ಕೆಲವರು’ ಎಂಬ ಪದವನ್ನು ಜಾಹೀರಾತಿನ ಭರಾಟೆಯಲ್ಲಿ ಮರೆಯಬಾರದು. ಟಿ-ಕೋಶಗಳೇ ಒಳಗೆ ಕಾಲಿಡದ ಗಡ್ಡೆಗಳಲ್ಲಿ ಬ್ರೇಕ್ ತೆಗೆದು ಹೆಚ್ಚಿನ ಪ್ರಯೋಜನವಿಲ್ಲ. ಹಾಗಾಗಿಯೇ ಮ್ಯಾಕ್ರೋಫೇಜ್‌ಗಳನ್ನು ಶುಶ್ರೂಷೆಯಿಂದ ಮತ್ತೆ ನುಂಗುವ ಕೆಲಸಕ್ಕೆ ತಿರುಗಿಸುವ ಸಂಶೋಧನೆಗಳೂ ನಡೆದಿವೆ.

ಬ್ರೇಕ್ ತೆಗೆದದ್ದಕ್ಕೆ ಬೆಲೆಯೂ ಇದೆ. ಸಡಿಲಗೊಂಡ ಟಿ-ಕೋಶಗಳು ಕರುಳು, ಥೈರಾಯ್ಡ್, ಶ್ವಾಸಕೋಶಗಳ ಮೇಲೂ ಎರಗಬಹುದು. ತೊಂದರೆ ಉಲ್ಬಣಿಸಿದರೆ ವೈದ್ಯರು ಔಷಧವನ್ನು ತಡೆಹಿಡಿದು ಸ್ಟೀರಾಯ್ಡ್ ಕೊಡುತ್ತಾರೆ. ಅಂದರೆ, ಕಷ್ಟಪಟ್ಟು ಸಡಿಲಿಸಿದ ಪಡೆಗೆ ತಾವೇ ಮತ್ತೆ ಲಗಾಮು ಹಾಕುತ್ತಾರೆ.