ಸಕ್ಕರೆ ಬಿಟ್ಟರೂ ಹೃದಯ ಯಾಕೆ ಕೈಕೊಡುತ್ತದೆ? ಮಧುಮೇಹಿಯ ತಟ್ಟೆಯ ನೂರು ವರ್ಷ

ಬೆಂಗಳೂರಿನ ಮನೆಗಳಲ್ಲಿ ಯಾರಿಗಾದರೂ ಶುಗರ್ ಬಂತೆಂದರೆ ಮೊದಲು ಕಾಫಿಗೆ ಸಕ್ಕರೆ ನಿಲ್ಲುತ್ತದೆ. ರಾತ್ರಿ ಅನ್ನದ ಜಾಗಕ್ಕೆ ಮುದ್ದೆಯೋ ಚಪಾತಿಯೋ ಬರುತ್ತದೆ. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಪಫ್ ಮಾತ್ರ ಇದ್ದಲ್ಲೇ ಇರುತ್ತವೆ. ಮಧುಮೇಹಿಗಳ ಜೀವಕ್ಕೆ ಅತಿ ದೊಡ್ಡ ಅಪಾಯ ಹೃದಯ ಮತ್ತು ರಕ್ತನಾಳದ ಕಾಯಿಲೆ. ಆದರೂ ಪಥ್ಯ ಎಂದರೆ ಸಕ್ಕರೆಯ ಲೆಕ್ಕವೇ ಎಂಬ ನಂಬಿಕೆ ಸಡಿಲವಾಗಿಲ್ಲ. ಅದು ಬೇರೂರಿದ್ದು ತೀರಾ ಹಿಂದೆ.

1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಸಿಗುವ ಮುಂಚೆ ಪಥ್ಯವೇ ಔಷಧ. ಅಮೆರಿಕದ ವೈದ್ಯ ಫ್ರೆಡರಿಕ್ ಆಲೆನ್ ರೋಗಿಗಳನ್ನು ಹೆಚ್ಚುಕಡಿಮೆ ಉಪವಾಸ ಕೆಡವುತ್ತಿದ್ದರು. ಮಕ್ಕಳು ಮೂಳೆ ಚಕ್ಕಳವಾಗಿ ಒಂದಿಷ್ಟು ಕಾಲ ಹೆಚ್ಚು ಬದುಕುತ್ತಿದ್ದರು. ಇನ್ಸುಲಿನ್ ಬಂದ ಮೇಲೂ ಪಿಷ್ಟ ಕಡಿಮೆ, ಕೊಬ್ಬು ಜಾಸ್ತಿ ಎಂಬ ಪದ್ಧತಿ ಬಹುಕಾಲ ನಡೆಯಿತು. ಕೋಮಾದಲ್ಲಿ ಸಾಯುತ್ತಿದ್ದವರು ಉಳಿದರು, ವಯಸ್ಸಾಯಿತು. ಆಗ ಕಣ್ಣು, ಮೂತ್ರಪಿಂಡ, ಹೃದಯ ಒಂದೊಂದಾಗಿ ಕೆಡತೊಡಗಿದವು. ಅಮೆರಿಕದ ಊರೊಂದರಲ್ಲಿ 1948ರಲ್ಲಿ ಶುರುವಾದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ಮಧುಮೇಹಿಗಳಲ್ಲಿ ಹೃದ್ರೋಗದ ಅಪಾಯ ಎರಡು ಮೂರು ಪಟ್ಟು ಎಂದು 1970ರ ದಶಕದ ಕೊನೆಗೆ ತೋರಿಸಿತು. ಕೊಬ್ಬಿನ ಮೇಲೂ ಕಣ್ಣುಬಿತ್ತು.

ನಿಜವಾದ ತಿರುವು 1998ರಲ್ಲಿ ಹೊರಬಂದ ಬ್ರಿಟನ್ನಿನ ಮಧುಮೇಹ ಅಧ್ಯಯನ (ಯುಕೆಪಿಡಿಎಸ್). ರಕ್ತದ ಸಕ್ಕರೆಯನ್ನು ಬಿಗಿಯಾಗಿ ಹಿಡಿದಾಗ ಕಣ್ಣು, ಮೂತ್ರಪಿಂಡದ ಹಾನಿ ಇಳಿಯಿತು. ಹೃದಯಾಘಾತದ ವಿಷಯದಲ್ಲಿ ಫಲ ಅಷ್ಟು ಖಚಿತವಿರಲಿಲ್ಲ. ಅದೇ ಅಧ್ಯಯನದಲ್ಲಿ ರಕ್ತದೊತ್ತಡ ಇಳಿಸಿದವರಿಗೆ ಪಾರ್ಶ್ವವಾಯು 44% ಕಡಿಮೆ. 2008ರಲ್ಲಿ ಅಮೆರಿಕದ ಅಕಾರ್ಡ್ ಪ್ರಯೋಗ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿಯನ್ನು 6ರ ಕೆಳಗೆ ತರಲು ಹೊರಟಿತು; ಆ ಗುಂಪಿನಲ್ಲಿ ಸಾವು ಹೆಚ್ಚಿದ್ದರಿಂದ ನಡುವೆಯೇ ನಿಲ್ಲಿಸಬೇಕಾಯಿತು. ಅಂದರೆ ಸಕ್ಕರೆಯ ಜೊತೆಗೆ ಬಿಪಿ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್), ಮೂತ್ರಪಿಂಡದ ಹಾನಿ ಸೂಚಿಸುವ ಮೂತ್ರದ ಅಲ್ಬುಮಿನ್ ಕೂಡ ನೋಡಬೇಕು.

ಇನ್ನು ನಮ್ಮ ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್, 11 ಗ್ರಾಂ ನಾರು; ಪಾಲಿಶ್ ಅಕ್ಕಿಯಲ್ಲಿ 78 ಮತ್ತು ಮೂರಕ್ಕಿಂತ ಕಡಿಮೆ. ವ್ಯತ್ಯಾಸವಿದೆ, ಆದರೆ ಮುದ್ದೆಗೆ ಶುಗರ್ ಏರುವುದೇ ಇಲ್ಲ ಅನ್ನುವಷ್ಟಲ್ಲ. ನುಣ್ಣಗೆ ಬೀಸಿದ ಹಿಟ್ಟು ಕುದಿನೀರಲ್ಲಿ ಬೆಂದು ಹಿಗ್ಗಿರುತ್ತದೆ, ಅಗಿಯದೆ ನುಂಗುತ್ತೇವೆ; ಬೇಗ ಜೀರ್ಣವಾಗುತ್ತದೆ. ಗಂಜಿ ಇನ್ನೂ ಬೇಗ. ಆದ್ದರಿಂದ ಸಣ್ಣ ಮುದ್ದೆ ಒಂದು, ಮೇಲೆ ಅನ್ನ ಬೇಡ, ಜೊತೆಗೆ ಕಾಳಿನ ಬಸ್ಸಾರು, ಸೊಪ್ಪಿನ ಪಲ್ಯ ಧಾರಾಳ. ಬಾಳೆಲೆಯಲ್ಲಿ ಕೋಸಂಬರಿ, ಪಲ್ಯ ಮೊದಲು ಬಡಿಸುವ ರೂಢಿಯನ್ನು ತಿನ್ನುವುದರಲ್ಲೂ ಪಾಲಿಸಿದರೆ ಊಟದ ನಂತರದ ಏರಿಕೆ ತಗ್ಗುತ್ತದೆ. (ಮದುವೆ ಮನೆಯಲ್ಲಿ ಅನ್ನ ಬರುವತನಕ ಕೈ ಕಟ್ಟಿ ಕೂರುವವರೇ ಹೆಚ್ಚು.)

ಹೃದಯದ ಲೆಕ್ಕ ಬೇರೆ. ದಿನಕ್ಕೆ ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ, ಉಪ್ಪಿನಕಾಯಿಯದ್ದೂ ಸೇರಿ. ಅಡುಗೆ ಎಣ್ಣೆ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಒಳಗೆ. 2022ರಿಂದ ಎಣ್ಣೆ, ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು 2% ಮೀರುವಂತಿಲ್ಲ. ಆದರೆ ಖಾರಾ ಬಿಸ್ಕತ್ತಿನಲ್ಲಿ ಮೈದಾ, ಉಪ್ಪು, ಗಟ್ಟಿ ಕೊಬ್ಬು ಇದ್ದೇ ಇವೆ. ಉಪ್ಪು ಕಡಿಮೆ ಮಾಡಲು ‘ಲೋ ಸೋಡಿಯಂ’ ಪ್ಯಾಕೆಟ್ ತರುವವರು ಒಮ್ಮೆ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು: ಅದರಲ್ಲಿರುವುದು ಪೊಟ್ಯಾಶಿಯಂ. ಮೂತ್ರಪಿಂಡ ಸೋತವರಿಗೆ, ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ ನುಂಗುವವರಿಗೆ ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಎಳನೀರಿಗೂ ಇದೇ ಮಾತು.

ಶುಗರ್ ಇಳಿಸುವ ಎಂಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಗಳು ಹೃದಯವನ್ನೂ ಕಾಯುತ್ತವೆಂದು 2015ರಿಂದ ಗೊತ್ತಾಗಿದೆ. ಆದರೆ ಅವನ್ನು ನುಂಗಿ ಏಕಾದಶಿ ಉಪವಾಸ ಮಾಡಿದರೆ, ಇಲ್ಲವೇ ಅನ್ನ-ರಾಗಿ ಪೂರ್ತಿ ಬಿಟ್ಟರೆ, ಶುಗರ್ ಸಾಧಾರಣವಾಗಿದ್ದರೂ ರಕ್ತ ಆಮ್ಲೀಯವಾಗುವ ಅಪಾಯವಿದೆ. ವಾಂತಿ, ಹೊಟ್ಟೆನೋವು, ಏದುಸಿರು ಅದರ ಗುರುತು. ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಉಪವಾಸದಲ್ಲಿ ಶುಗರ್ ಕುಸಿಯಬಹುದು. ಡೋಸ್ ಬಗ್ಗೆ ಉಪವಾಸಕ್ಕೆ ಕೆಲವು ದಿನ ಮುಂಚೆಯೇ ವೈದ್ಯರನ್ನು ಕೇಳಬೇಕು.

ನರ ಸೋತ ಮಧುಮೇಹಿಗೆ ಹೃದಯಾಘಾತವಾದಾಗ ಎದೆನೋವು ಬರದೇ ಇರಬಹುದು. ಮೆಟ್ಟಿಲೇರುವಾಗ ಹೊಸದಾಗಿ ಏದುಸಿರು, ತಣ್ಣನೆ ಬೆವರು, ದವಡೆ ಹಿಡಿತ, ಹೊಟ್ಟೆ ತೊಳಸು ಮಾತ್ರ ಕಾಣಬಹುದು. ನಮ್ಮಲ್ಲಿ ಇದಕ್ಕೆಲ್ಲ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು, ಜೀರಿಗೆ ಸೋಡಾ ಒಂದೇ ಮದ್ದು. ಸೋಡಾ ಕುಡಿದು ಕಾಯುವ ಹೊತ್ತಿನಲ್ಲಿ ಇಸಿಜಿ ಆಗಿಬಿಡುತ್ತದೆ.