ಅಂಗಡಿಯವರಿಗೆ ಲಿನಕ್ಸ್ ತೋರಿಸಬೇಡಿ, ಬಿಲ್ ತೋರಿಸಿ

"ಎಲ್ಲಾ ಸರಿ, ಇದ್ರಾಗೆ ಬಿಲ್ ಎಲ್ಲಿ ಬಂತು?"

ದಾವಣಗೆರೆಯ ಒಂದು ಅಡಿಕೆ ಮಂಡಿಯ ಯಜಮಾನರು ನನ್ನ ಮೊದಲ ವಿಡಿಯೊ ನೋಡಿ ಕೇಳಿದ ಪ್ರಶ್ನೆ ಇದು. 18 ನಿಮಿಷದ ವಿಡಿಯೊ. ಎರಡು ವಾರ ಕೂತು ಮಾಡಿದ್ದೆ. ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಬಗ್ಗೆ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅದನ್ನು ಶುರು ಮಾಡಿದ ಕತೆ ಇತ್ತು, ಅದರ ತಿರುಳಾದ ಕರ್ನೆಲ್ ಅಂದರೇನು ಅಂತ ಚಿತ್ರ ಬರೆದು ತೋರಿಸಿದ್ದೆ, ಲಿನಕ್ಸ್‌ನ ಬಗೆಗಳಾದ ಉಬುಂಟು, ಮಿಂಟ್, ಫೆಡೋರಾ ಹೇಗೆ ಬೇರೆ ಬೇರೆ ಅಂತ ಬಿಡಿಸಿ ಹೇಳಿದ್ದೆ. ತೂಕದ ಚೀಟಿ, ಬಿಲ್, ಪ್ರಿಂಟರ್ ಯಾವುದೂ ಅದರಲ್ಲಿ ಇರಲಿಲ್ಲ. ಯಜಮಾನರ ಪ್ರಶ್ನೆ ಸರಿಯಾಗಿಯೇ ಇತ್ತು.

ಸಣ್ಣ ವ್ಯಾಪಾರಿಗಳಿಗೆ ಕಂಪ್ಯೂಟರ್ ಹಾಕಿಕೊಡುವುದು, ಕೆಟ್ಟಾಗ ಹೋಗಿ ಸರಿ ಮಾಡುವುದು ನನ್ನ ಕೆಲಸ. ಓಪನ್ ಸೋರ್ಸ್, ಅಂದರೆ ಒಳಗಿನ ಕೋಡ್ ಯಾರು ಬೇಕಾದರೂ ನೋಡಿ ಬದಲಿಸಬಹುದಾದ, ಆಪರೇಟಿಂಗ್ ಸಿಸ್ಟಂ ಹಾಕಿಸಿಕೊಳ್ಳಿ ಅಂತ ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ವಿಡಿಯೊ ಕಳಿಸಿದರೆ ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ನಿಧಾನಕ್ಕೆ ನೋಡುತ್ತಾರೆ. ಹಾಗಾಗಿ ವಿಡಿಯೊ ಬಿಟ್ಟು ನನಗೆ ಬೇರೆ ದಾರಿ ಇಲ್ಲ. ಆದರೆ ಅದರಲ್ಲಿ ಏನು ತೋರಿಸಬೇಕು ಅನ್ನುವುದರಲ್ಲಿ ನಮ್ಮವರು ಬಹಳ ಜನ ಎಡವುತ್ತಾರೆ. ನಾನೂ ಎಡವಿದ್ದೆ. ದೊಡ್ಡ ಸಂಸ್ಥೆಗಳ ಮನಸ್ಸೂ ಬೇರೆ ಕಡೆಯೇ ಓಡುತ್ತದೆ. 2009ರಲ್ಲಿ ಲಿನಕ್ಸ್ ಫೌಂಡೇಶನ್ ಒಂದು ವಿಡಿಯೊ ಸ್ಪರ್ಧೆ ನಡೆಸಿತು, ಅದರಲ್ಲಿ ಮೊದಲ ಬಹುಮಾನ ಪಡೆದ ವಿಡಿಯೊ ಸ್ವಾತಂತ್ರ್ಯ ಅಂದರೇನು ಅಂತ ಕೇಳುವಂಥದ್ದು. ನನಗೂ ಆ ಸ್ವಾತಂತ್ರ್ಯ ಮುಖ್ಯವೇ. ಆದರೆ ಸಂಜೆ ಆರಕ್ಕೆ ಲಾರಿ ನಿಂತಿರುವಾಗ ಮಂಡಿಯ ಗುಮಾಸ್ತರಿಗೆ ಬೇಕಿರುವುದು ಎರಡು ಪ್ರತಿ ಬಿಲ್.

ಈಗ ನನ್ನ ವಿಡಿಯೊ ಹೀಗೆ ಶುರುವಾಗುತ್ತದೆ. ಕಂಪ್ಯೂಟರ್‌ನ ಬಟನ್ ಒತ್ತುವ ಕೈ. ಆಮೇಲೆ ಎಲ್ಲೂ ಕತ್ತರಿಸದೆ, ಅದು ಆನ್ ಆಗುವ ತನಕ ಹಾಗೇ ಬಿಡುತ್ತೇನೆ. ಬಾರ್‌ಕೋಡ್ ಸ್ಕ್ಯಾನರ್ ಚುಚ್ಚಿದ ಕೂಡಲೇ ಅದು ಕೀಬೋರ್ಡ್ ಥರ ಕೆಲಸ ಮಾಡುವುದನ್ನು ತೋರಿಸುತ್ತೇನೆ. ಬಿಲ್ ಹೊಡೆಯುತ್ತೇನೆ. ಪ್ರಿಂಟರ್‌ನಿಂದ ಕಾಗದ ಹೊರಗೆ ಬರುವುದನ್ನು ಮೊಬೈಲ್ ಕ್ಯಾಮೆರಾದಲ್ಲೇ ಹಿಡಿಯುತ್ತೇನೆ, ಆ ಕರಕರ ಸದ್ದನ್ನೂ ತೆಗೆಯುವುದಿಲ್ಲ. ಸ್ಕ್ರೀನ್ ರೆಕಾರ್ಡಿಂಗ್ ಒಂದನ್ನೇ ನೋಡಿ ಯಾರಿಗೂ ನಂಬಿಕೆ ಬರುವುದಿಲ್ಲ. ಪ್ರಿಂಟರ್‌ನ ಸದ್ದು ಕೇಳಿದರೆ ಬರುತ್ತದೆ. ಇಷ್ಟು ಆದಮೇಲೆ, ಕೊನೆಯಲ್ಲಿ, ಇದು ಲಿನಕ್ಸ್ ಮಿಂಟ್ ಅಂತ ಹೆಸರು ಹೇಳುತ್ತೇನೆ.

"ಪುಕ್ಕಟೆ" ಅನ್ನುವ ಮಾತನ್ನು ಪೂರ್ತಿ ಬಿಟ್ಟಿದ್ದೇನೆ. ಕಾರಣ ಇದೆ. ಪುಕ್ಕಟೆ ಅಂದಕೂಡಲೇ ವ್ಯಾಪಾರಿಗೆ ಅನುಮಾನ ಬರುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಅವರ ಪಾಲಿಗೆ ವಿಂಡೋಸ್ ಕೂಡ ಪುಕ್ಕಟೆಯೇ ಆಗಿರುತ್ತದೆ, ಯಾಕಂದರೆ ಯಾರೋ ಒಬ್ಬರು ಕ್ರ್ಯಾಕ್ ಮಾಡಿದ್ದನ್ನು, ಅಂದರೆ ಕಳ್ಳ ಪ್ರತಿಯನ್ನು, ಹಾಕಿಕೊಟ್ಟು ಹೋಗಿರುತ್ತಾರೆ ಮತ್ತು ಅದಕ್ಕೆ ಲೈಸೆನ್ಸ್ ಅಂತ ಒಂದಿದೆ ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ. ಅಲ್ಲಿ ಬೆಲೆಯ ಮಾತು ಎತ್ತಿ ಪ್ರಯೋಜನ ಏನು? ನಾನು ಅಪ್‌ಡೇಟ್ ಬಗ್ಗೆ ಮಾತಾಡುತ್ತೇನೆ. ಕ್ರ್ಯಾಕ್ ಹಾಕಿದ ಎಷ್ಟೋ ಯಂತ್ರಗಳಲ್ಲಿ ಅಪ್‌ಡೇಟ್ ಆಫ್ ಮಾಡಿರುತ್ತಾರೆ. 2017ರ ಮೇ ತಿಂಗಳಲ್ಲಿ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಬಂದಾಗ ಜಗತ್ತಿನ ತುಂಬ ಕಂಪ್ಯೂಟರ್‌ಗಳು ಬೀಗ ಬಿದ್ದಂತೆ ನಿಂತವು, ಬ್ರಿಟನ್ನಿನ ಆಸ್ಪತ್ರೆಗಳೂ ಸೇರಿ. ಅದು ಒಳಗೆ ನುಗ್ಗಿದ ವಿಂಡೋಸ್‌ನ ತೂತನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಂಡಿರದವರೇ ಸಿಕ್ಕಿಬಿದ್ದರು. ಇದನ್ನು ಹೆದರಿಸುವ ದನಿಯಲ್ಲಿ ಹೇಳಬಾರದು. ಗೋಡೌನ್ ಬೀಗ ಹಳತಾಗಿದೆ, ಬದಲಿಸಿ ಅಂತ ಹೇಳುವಷ್ಟೇ ಸಲೀಸಾಗಿ ಹೇಳಬೇಕು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತ ಮೇಲಂತೂ ಈ ಮಾತು ಸುಲಭವಾಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ನಮ್ಮ ಕಡೆಯ ಅಂಗಡಿಗಳಲ್ಲಿ ನಾನು ನೋಡುವುದು ನಾಲ್ಕನೇ, ಆರನೇ ತಲೆಮಾರಿನ ಐ3 ಪ್ರೊಸೆಸರ್‌ಗಳೇ ಜಾಸ್ತಿ. ವ್ಯಾಪಾರಿಗಳು ದುಡ್ಡು ಕೊಟ್ಟು ಅಪ್‌ಡೇಟ್ ಮುಂದುವರಿಸಿಕೊಳ್ಳಬಹುದು, ಒಂದು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಆಮೇಲೆ ವರ್ಷ ವರ್ಷ ದುಪ್ಪಟ್ಟು, ಅದೂ ಮೂರೇ ವರ್ಷ. ಅದೇ ಹಳೆಯ ಯಂತ್ರಕ್ಕೆ ಒಂದು ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್ ಜಾಗದಲ್ಲಿ ಕೂರುವ, ಅದಕ್ಕಿಂತ ವೇಗದ ಡಿಸ್ಕ್), ಇನ್ನೊಂದು 4 ಜಿಬಿ ರ್‍ಯಾಮ್ ಹಾಕಿ ಮಿಂಟ್ 22 ಕೂರಿಸಿದರೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ನನ್ನ ಕೂಲಿ ಎಷ್ಟು ಅನ್ನುವುದನ್ನೂ ವಿಡಿಯೊದಲ್ಲೇ ಹೇಳಿಬಿಡುತ್ತೇನೆ. ಸಾಫ್ಟ್‌ವೇರ್‌ಗೆ ದುಡ್ಡಿಲ್ಲ, ಕೆಲಸಕ್ಕೆ ಇದೆ. ಇದನ್ನು ಬಚ್ಚಿಟ್ಟರೆ ಆಮೇಲೆ ಮನಸ್ತಾಪ.

ಇನ್ನು, ಆಗದೇ ಇರುವುದನ್ನು ತೋರಿಸುವ ವಿಷಯ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ. ಒಂದು ಬಟ್ಟೆ ಅಂಗಡಿಯಲ್ಲಿ ಎಲ್ಲ ಹಾಕಿ ಮುಗಿಸಿದ ಮೇಲೆ ಅವರ ಹಳೆಯ ಲೇಸರ್ ಪ್ರಿಂಟರ್ ಜಪ್ಪಯ್ಯ ಅಂದರೂ ಮಾತು ಕೇಳಲಿಲ್ಲ. ಹಬ್ಬದ ಮುಂಚಿನ ಶನಿವಾರ ಅದು. ರಾತ್ರಿ ಹನ್ನೊಂದರವರೆಗೆ ಕೂತು, ಕೊನೆಗೆ ಹಳೆಯ ವ್ಯವಸ್ಥೆಯನ್ನೇ ವಾಪಸ್ ಹಾಕಿ ಬಂದೆ. ನನ್ನ ವಿಡಿಯೊದಲ್ಲಿ "ಎಲ್ಲಾ ಪ್ರಿಂಟರ್ ನಡೆಯುತ್ತೆ" ಅಂತ ಹೇಳಿದ್ದೆ, ಆ ಮಾತನ್ನು ನಂಬಿಯೇ ಅವರು ನನ್ನನ್ನು ಕರೆದಿದ್ದರು. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ.

ಅದಕ್ಕೇ ಈಗ ಪ್ರತಿ ವಿಡಿಯೊದ ನಡುವೆ ಎರಡು ನಿಮಿಷ ಇದಕ್ಕೇ ಮೀಸಲು. ಲೆಕ್ಕ ಬರೆಯುವ ಟ್ಯಾಲಿ ಪ್ರೈಮ್ ವಿಂಡೋಸ್‌ಗೆ ಅಂತ ಮಾಡಿದ ಸಾಫ್ಟ್‌ವೇರ್. ವಿಂಡೋಸ್ ಸಾಫ್ಟ್‌ವೇರ್ ನಡೆಸಿಕೊಡುವ ವೈನ್ ಹಾಕಿ ಲಿನಕ್ಸ್‌ನಲ್ಲಿ ನಡೆಸಬಹುದು ಅಂತ ಹೇಳುವವರಿದ್ದಾರೆ, ವರ್ಷದ ಲೆಕ್ಕ ಇರುವ ಕಡೆ ನಾನು ಆ ಸಾಹಸ ಮಾಡುವುದಿಲ್ಲ. ಮೂರು ಯಂತ್ರ ಇದ್ದರೆ ಟ್ಯಾಲಿಯ ಒಂದನ್ನು ವಿಂಡೋಸ್‌ನಲ್ಲೇ ಬಿಡಿ, ಕೌಂಟರ್‌ನ ಎರಡನ್ನು ಬದಲಿಸಿ ಅಂತ ನೇರವಾಗಿ ಹೇಳುತ್ತೇನೆ. ಜಿಎಸ್‌ಟಿ ಪೋರ್ಟಲ್ ಬ್ರೌಸರ್‌ನಲ್ಲಿ ತೆರೆಯುತ್ತದೆ, ಒಬ್ಬರೇ ಮಾಲೀಕರಾದರೆ ಒಟಿಪಿಯಲ್ಲೇ ರಿಟರ್ನ್ ಮುಗಿಯುತ್ತದೆ. ಕಂಪನಿ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆದರೆ ಡಿಜಿಟಲ್ ಸಹಿಯ ಟೋಕನ್, ಅಂದರೆ ಪೆನ್‌ಡ್ರೈವ್ ಥರದ ಸಾಧನ, ಬೇಕೇ ಬೇಕು, ಆ ಕೆಲಸವನ್ನೂ ವಿಂಡೋಸ್ ಯಂತ್ರದಲ್ಲೇ ಮಾಡಿ ಅನ್ನುತ್ತೇನೆ. ಪ್ರಿಂಟರ್‌ನ ಮಾದರಿ ಹೆಸರಿನ ಫೋಟೊ ಕಳಿಸಿ, ನೋಡಿ ಹೇಳುತ್ತೇನೆ, ಆಮೇಲೆ ಮುಂದಿನ ಮಾತು. ಹೀಗೆ ಹೇಳಲು ಶುರು ಮಾಡಿದ ಮೇಲೆ ಫೋನ್ ಮಾಡುವವರು ಕಮ್ಮಿಯಾಗಿದ್ದಾರೆ. ಆದರೆ ಫೋನ್ ಮಾಡಿದವರು ಹಾಕಿಸಿಕೊಳ್ಳುತ್ತಾರೆ.

ಯಾರು ನೋಡುತ್ತಾರೆ ಅನ್ನುವುದೂ ನಿಧಾನಕ್ಕೆ ಗೊತ್ತಾಯಿತು. ಯಜಮಾನರು ನೋಡಿ ಗುಮಾಸ್ತರಿಗೆ ಕಳಿಸುತ್ತಾರೆ, ಅವರು ಆಡಿಟರ್‌ಗೆ ಕಳಿಸುತ್ತಾರೆ. ಬೇಡ ಅನ್ನುವುದು ಸಾಮಾನ್ಯವಾಗಿ ಗುಮಾಸ್ತರೇ. ಹದಿನೈದು ವರ್ಷ ಕೈ ಪಳಗಿದ ಕೆಲಸ, ಈಗ ಹೊಸದು ಬಂದು ಎಲ್ಲರೆದುರು ತಡಕಾಡಬೇಕಲ್ಲ ಅನ್ನುವ ಭಯ ಅವರದು. ನ್ಯಾಯವಾದ ಭಯ ಅದು. ಅವರಿಗಾಗಿಯೇ ಐದೈದು ನಿಮಿಷದ ಬೇರೆ ವಿಡಿಯೊಗಳನ್ನು ಮಾಡುತ್ತೇನೆ. ಪೆನ್‌ಡ್ರೈವ್ ಎಲ್ಲಿ ಕಾಣುತ್ತದೆ, ಫೈಲ್ ಎಲ್ಲಿ ಉಳಿಯುತ್ತದೆ, ಎಂಎಸ್ ಆಫೀಸ್ ಬದಲು ಬಳಸುವ ಲಿಬ್ರೆಆಫೀಸ್‌ನಲ್ಲಿ ಎಕ್ಸೆಲ್ ಶೀಟ್ ಹೇಗೆ ತೆರೆಯುವುದು, ಇಷ್ಟೇ. ಇದಕ್ಕೆ ನನಗೆ ಮಾದರಿಯಾದದ್ದು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು. ಹತ್ತು ನಿಮಿಷದ ಆಸುಪಾಸಿನ ಪಾಠ, ಪರದೆ ಇಂಗ್ಲಿಷ್, ದನಿ ಕನ್ನಡ. ನೋಡುವವರು ಪಕ್ಕದಲ್ಲಿ ತಮ್ಮ ಯಂತ್ರದಲ್ಲೇ ಮಾಡುತ್ತಾ ಹೋಗಬಹುದು. ಮೆನುವಿನ ಹೆಸರನ್ನೆಲ್ಲಾ ಅನುವಾದ ಮಾಡಿ ಹೇಳಿದರೆ ಗುಮಾಸ್ತರಿಗೆ ಪರದೆಯ ಮೇಲೆ ಅದು ಸಿಗುವುದೇ ಇಲ್ಲ ಅಲ್ವಾ?

ರೆಕಾರ್ಡಿಂಗ್‌ಗೆ ಒಬಿಎಸ್ ಸ್ಟುಡಿಯೊ, ಜೋಡಿಸಲು ಕೆಡೆನ್‌ಲೈವ್. ಎರಡೂ ಓಪನ್ ಸೋರ್ಸ್. ಬಹುತೇಕರು ಮೊಬೈಲಿನಲ್ಲೇ ನೋಡುವುದರಿಂದ ಪರದೆಯ ಅಕ್ಷರಗಳನ್ನು ಒಂದೂವರೆ ಪಟ್ಟು ದೊಡ್ಡದು ಮಾಡಿಯೇ ರೆಕಾರ್ಡ್ ಮಾಡಿ. ಗಿರಾಕಿಗಳ ಹೆಸರು, ಜಿಎಸ್‌ಟಿ ನಂಬರ್ ಪರದೆಯ ಮೇಲೆ ಬರಬಾರದು, ಸುಮ್ನೆ ಮಸುಕು ಮಾಡುವ ಬದಲು ಮೊದಲೇ ಉದಾಹರಣೆಯ ಲೆಕ್ಕ ತುಂಬಿಸಿಟ್ಟುಕೊಳ್ಳುವುದು ಒಳ್ಳೆಯದು.

ಎಲ್ಲಕ್ಕಿಂತ ಜಾಸ್ತಿ ಜನ ಮತ್ತೆ ಮತ್ತೆ ನೋಡುವ ದೃಶ್ಯ ಯಾವುದು ಗೊತ್ತಾ? ಹಳೆಯ ಹಾರ್ಡ್‌ಡಿಸ್ಕ್ ಬಿಚ್ಚುವುದು. ಆ ಡಿಸ್ಕ್‌ನಲ್ಲಿ ಇರುವುದನ್ನು ನಾನು ಅಳಿಸುವುದಿಲ್ಲ. ಬಿಚ್ಚಿ, ಕವರ್‌ಗೆ ಹಾಕಿ, ಮೇಲೆ ತಾರೀಖು ಬರೆದು, ಯಜಮಾನರ ಕೈಗೆ ಕೊಡುತ್ತೇನೆ. ಹೊಸದು ಎಸ್‌ಎಸ್‌ಡಿಯಲ್ಲಿ ಕೂರುತ್ತದೆ. ಮನಸ್ಸಿಗೆ ಬರದಿದ್ದರೆ ಹಳೆಯದನ್ನು ಮತ್ತೆ ಸಿಕ್ಕಿಸಿದರೆ ಆಯಿತು, ಹತ್ತು ನಿಮಿಷದ ಕೆಲಸ. ಅವರು ಆ ಕವರ್ ಅನ್ನು ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರ್‌ನಲ್ಲಿ ಇಟ್ಟು ಬೀಗ ಹಾಕುವ ತನಕ ಕ್ಯಾಮೆರಾ ನಿಲ್ಲಿಸುವುದಿಲ್ಲ.

ಈಗ ಕೈಯಲ್ಲಿರುವುದು ಡಿಟಿಪಿ ಅಂಗಡಿಗಳಿಗೆ, ಅಂದರೆ ಪತ್ರ, ಪತ್ರಿಕೆ ಟೈಪ್ ಮಾಡಿ ಜೋಡಿಸಿಕೊಡುವವರಿಗೆ, ಒಂದು ವಿಡಿಯೊ. ಟೈಪ್ ಮಾಡುವುದಕ್ಕೆ ತೊಂದರೆ ಇಲ್ಲ, ಅವರಿಗೆ ರೂಢಿಯಾದ ಕಗಪ ಅನ್ನುವ ಕನ್ನಡ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೇ ಇದೆ, ಬೆರಳು ಹೊಸದಾಗಿ ಕಲಿಯಬೇಕಿಲ್ಲ. ಕಷ್ಟ ಇರುವುದು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಮಾಡಿದ, ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ಫೈಲ್‌ಗಳಲ್ಲಿ. ಇಪ್ಪತ್ತು ವರ್ಷದ ಲಗ್ನಪತ್ರಿಕೆ, ಕ್ರಯಪತ್ರದ ಮಾದರಿಗಳೆಲ್ಲ ಅದರಲ್ಲೇ ಇವೆ. ಯುನಿಕೋಡ್‌ಗೆ ಪರಿವರ್ತನೆ ಮಾಡಿದಾಗ ಎಲ್ಲಿ ಒತ್ತಕ್ಷರ ತಪ್ಪುತ್ತದೆ, ಎಲ್ಲಿ ಅರ್ಕಾವತ್ತು ಜಾಗ ಬದಲಿಸುತ್ತದೆ ಅಂತ ಒಂದೊಂದೇ ಪತ್ರ ತೆಗೆದು ನೋಡುತ್ತಿದ್ದೇನೆ. ಆ ತಪ್ಪುಗಳನ್ನೂ ವಿಡಿಯೊದಲ್ಲಿ ಹಾಗೇ ಇಡುತ್ತೇನೆ.