ಗಾಮಾ ಕಿರಣ ನೆಲ ಮುಟ್ಟುವುದೇ ಇಲ್ಲ

ಪ್ರಶ್ನೆ: ವಾತಾವರಣವು ಗಾಮಾ ಕಿರಣಗಳನ್ನು ತಡೆಯುತ್ತದೆ ಎಂದು ಓದಿದ್ದೇವೆ. ಹಾಗಿದ್ದರೆ ದೂರದ ಗೆಲಾಕ್ಸಿಗಳಲ್ಲಿ ಸ್ವಲ್ಪ ಹೊತ್ತು ಹೊಮ್ಮುವ ಗಾಮಾ ಕಿರಣ ಸ್ಫೋಟಗಳ ಅತಿಶಕ್ತ ಕಿರಣಗಳನ್ನು ನೆಲದ ಮೇಲಿನ ದೂರದರ್ಶಕಗಳು ಕಂಡದ್ದು ಹೇಗೆ?

ಉತ್ತರ: ಇದಕ್ಕೆ ಹಲವು ಬಾರಿ ಉತ್ತರಿಸಿದ್ದೇನೆ. ಆದರೂ ಕೇಳುವವರಲ್ಲಿ ಹೆಚ್ಚಿನವರು, ಟೆರಾ ಎಲೆಕ್ಟ್ರಾನ್ ವೋಲ್ಟ್‌ನಷ್ಟು, ಅಂದರೆ ಕಣ್ಣಿಗೆ ಕಾಣುವ ಬೆಳಕಿನ ಕಣಕ್ಕಿಂತ ಹತ್ತಾರು ಸಾವಿರ ಕೋಟಿ ಪಟ್ಟು, ಶಕ್ತಿಯಿರುವ ಕಿರಣ ಗಾಳಿಯನ್ನು ಸೀಳಿಕೊಂಡು ನೆಲ ತಲುಪುತ್ತಿರಬೇಕು ಎಂದು ತಾವೇ ಊಹಿಸಿಕೊಂಡಿರುತ್ತಾರೆ. ಈ ಊಹೆ ಪೂರ್ತಿ ತಪ್ಪು. ನಮ್ಮ ತಲೆಯ ಮೇಲಿರುವ ಗಾಳಿಯ ತೂಕ ಸುಮಾರು 10 ಮೀಟರ್ ಆಳದ ನೀರಿಗೆ ಸಮ. ಶಕ್ತಿ ಎಷ್ಟೇ ಇರಲಿ, ಗಾಮಾ ಕಿರಣ ಅಷ್ಟನ್ನು ದಾಟಿ ಉಳಿಯುವುದಿಲ್ಲ. ಸಾಮಾನ್ಯವಾಗಿ 20 ಕಿಲೋಮೀಟರ್ ಆಸುಪಾಸಿನ ಎತ್ತರದಲ್ಲೇ ಅದು ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನ್‌ಗಳ ಜೋಡಿಯಾಗಿ ಮಾರ್ಪಟ್ಟು ಇಲ್ಲವಾಗುತ್ತದೆ. ಆ ಜೋಡಿಯಿಂದ ಹೊಸ ಗಾಮಾ ಕಿರಣಗಳು, ಅವುಗಳಿಂದ ಮತ್ತಷ್ಟು ಜೋಡಿಗಳು ಹುಟ್ಟುತ್ತ ಕಣಗಳ ಸುರಿಮಳೆಯೇ ಆಗುತ್ತದೆ. ಗಾಳಿಯಲ್ಲಿ ಬೆಳಕು ಸಾಗುವುದಕ್ಕಿಂತಲೂ ವೇಗವಾಗಿ ಸಾಗುವ ಈ ಕಣಗಳು ಚೆರೆಂಕೋವ್ ಬೆಳಕೆಂಬ ಮಸುಕಾದ ನೀಲಿ ಮಿಂಚನ್ನು ಹೊಮ್ಮಿಸುತ್ತವೆ. ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಕೆಲವೇ ಭಾಗಗಳಷ್ಟು ಹೊತ್ತು ಇರುವ ಆ ಮಿಂಚನ್ನೇ ದೂರದರ್ಶಕದ ಕನ್ನಡಿ ಹಿಡಿಯುವುದು. ಅಂದರೆ ಇಲ್ಲಿ ವಾತಾವರಣವೂ ಉಪಕರಣದ ಒಂದು ಭಾಗ. ಇದೇ ದೂರದರ್ಶಕವನ್ನು ಗಾಳಿಯಿಲ್ಲದ ಚಂದ್ರನ ಮೇಲೆ ನಿಲ್ಲಿಸಿದರೆ ಅದರಿಂದ ಈ ಕೆಲಸ ಸಾಧ್ಯವೇ ಇಲ್ಲ.

ಹಾಗಾದರೆ, 1967ರಲ್ಲೇ ಅಮೆರಿಕದ ವೇಲಾ ಉಪಗ್ರಹಗಳಿಗೆ ಸಿಕ್ಕ ಈ ಸ್ಫೋಟಗಳಲ್ಲಿ ಇಷ್ಟು ಶಕ್ತಿಯ ಕಿರಣಗಳಿವೆ ಎಂಬುದು ಖಚಿತವಾಗಲು 2019ರವರೆಗೆ ಏಕೆ ಕಾಯಬೇಕಾಯಿತು? ಯಾರೂ ಕೇಳದಿದ್ದರೂ ಇದನ್ನು ಹೇಳಲೇಬೇಕು. ಈ ದೂರದರ್ಶಕಗಳಿಗೆ ಒಮ್ಮೆಗೆ ಕಾಣುವುದು ಆಕಾಶದ ಪುಟ್ಟ ತುಣುಕು, ಅದೂ ರಾತ್ರಿಯಲ್ಲಿ ಮಾತ್ರ. 2019ರ ಜನವರಿ 14ರಂದು ಉಪಗ್ರಹದ ಸೂಚನೆ ಬಂದೊಡನೆ, ಸ್ಪೇನ್‌ನ ಲಾ ಪಾಲ್ಮಾ ದ್ವೀಪದ ಮ್ಯಾಜಿಕ್ ದೂರದರ್ಶಕಗಳು ತಮ್ಮ 17 ಮೀಟರ್ ವ್ಯಾಸದ ಕನ್ನಡಿಗಳೊಂದಿಗೆ ಸ್ಫೋಟವಾದ ಸುಮಾರು ಒಂದು ನಿಮಿಷದಲ್ಲೇ ಅತ್ತ ತಿರುಗಿ ವೀಕ್ಷಣೆ ಆರಂಭಿಸಿದವು. ಚೀನಾದ ಲಾಸೋ ಕೇಂದ್ರಕ್ಕೆ ತಿರುಗುವ ಅಗತ್ಯವಿಲ್ಲ. 4,410 ಮೀಟರ್ ಎತ್ತರದಲ್ಲಿ, ಸುರಿಮಳೆಯಲ್ಲಿ ಉಳಿದು ಬಂದ ಕಣಗಳನ್ನು ಅದರ ನೀರಿನ ಕೊಳಗಳು ಹಗಲಿರುಳೂ ಗುರುತಿಸುತ್ತವೆ. 2022ರ ಅಕ್ಟೋಬರ್ 9ರ ಸ್ಫೋಟದಿಂದ ಅದಕ್ಕೆ ಮೊದಲ 3,000 ಸೆಕೆಂಡುಗಳಲ್ಲಿ 64,000ಕ್ಕೂ ಹೆಚ್ಚು ಅತಿಶಕ್ತ ಫೋಟಾನುಗಳ (ಬೆಳಕಿನ ಕಣಗಳ) ಗುರುತು ಸಿಕ್ಕಿತು.

ಇನ್ನೊಂದು ತೊಡಕು ದಾರಿಯದ್ದು. ಗೆಲಾಕ್ಸಿಗಳ ನಡುವೆ ಹರಡಿರುವ ಅವಕೆಂಪು ಬೆಳಕಿಗೆ ಡಿಕ್ಕಿ ಹೊಡೆದರೂ ಗಾಮಾ ಕಿರಣ ಜೋಡಿಯಾಗಿ ಇಲ್ಲವಾಗುತ್ತದೆ, ಮತ್ತು ಅಲ್ಲಿ ಹೆಚ್ಚು ಶಕ್ತಿಯ ಕಿರಣಕ್ಕೇ ಹೆಚ್ಚು ಅಪಾಯ. ಸುಮಾರು 450 ಕೋಟಿ ವರ್ಷ ಪಯಣಿಸಿ 2019ರಲ್ಲಿ ನಮ್ಮನ್ನು ತಲುಪಿದ ಆ ಬೆಳಕಿನಲ್ಲಿ, 1 ಟೆರಾ ಎಲೆಕ್ಟ್ರಾನ್ ವೋಲ್ಟ್ ಸಮೀಪದ ಕಿರಣಗಳ ಬಹುಪಾಲು ಹೀಗೆ ದಾರಿಯಲ್ಲೇ ಕಳೆದುಹೋಗಿತ್ತು.